ಅವ್ವನ ಲೈನು

ಕಡಲಿಹಾಳದಲ್ಲಿ ನಳ ಬರುವುದು ಐದು ದಿನಕ್ಕೊಮ್ಮೆ. ಅವತ್ತು ಊರಲ್ಲಿ ಮದುವೆ ಮನೆಯ ಗಡಿಬಿಡಿ. ಕೊಡ, ಬಕೀಟು, ಬಣ್ಣದ ಡಬ್ಬಿ, ಕೂಸಿಗೆ ನೀರೆರೆಯುವ ತಗಡಿನ ಬುಟ್ಟಿ, ಕೊನೆಗೆ ಹಿಟ್ಟು ನಾದುವ ಪರಾತವೂ ಅಂಗಳಕ್ಕೆ ಬಂದು ಸಾಲು ಹಿಡಿಯುತ್ತದೆ. ನವಲಗುಂದಕ್ಕೆ ಹೋಗುವ ಮೊದಲ ಬಸ್ಸು ಖಾಲಿ ಹೋಗುತ್ತದೆ, ಯಾಕೆಂದರೆ ನೀರು ಬಿಟ್ಟು ಊರು ಬಿಡುವ ಹೆಣ್ಣುಮಗಳು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ನೀರು ಬಿಡುವವನು ಮುದಕಪ್ಪ. ವಯಸ್ಸು ಐವತ್ತೈದು, ಪಂಚಾಯ್ತಿಯ ವಾಟರ್‌ಮನ್ ಆಗಿ ಇಪ್ಪತ್ತೆರಡು ವರ್ಷ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಚಾವಿ. ಅದರ ತುದಿಯನ್ನು ನೆಲದೊಳಗಿನ ವಾಲ್ವಿಗೆ ಸಿಗಿಸಿ, ಮೇಲಿನ ಅಡ್ಡಹಿಡಿಕೆ ತಿರುಗಿಸಿದರೆ ಓಣಿಗೆ ನೀರು. ನೀರಿನ ಟಾಕಿಯಿಂದ ಊರಿನ ಪೈಪು ಎಲ್ಲೆಲ್ಲಿ ಹೋಗಿದೆ ಎಂಬುದು ಪಂಚಾಯ್ತಿಯ ಕಾಗದದಲ್ಲಿ ಅರ್ಧ ಇತ್ತು, ಉಳಿದರ್ಧ ಅವನ ತಲೆಯಲ್ಲಿತ್ತು. ಹೊಸದಾಗಿ ಬಂದ ಅಧಿಕಾರಿಗಳೆಲ್ಲ ಅವನನ್ನು ಕೇಳಿಯೇ ಗುದ್ದಲಿ ಹಾಕಿಸುತ್ತಿದ್ದರು. ಅದು ಅವನಿಗೆ ಹೆಮ್ಮೆ.

ಆ ಮಂಗಳವಾರ ಅವನು ಗೌಡರ ಓಣಿಯಲ್ಲಿ ನಡೆದು ಬರುತ್ತಿದ್ದಾಗ, ಕೊನೆಯ ಬಾಡಿಗೆ ಮನೆಯ ನಾಗರತ್ನಾ ಕೂಗಿದಳು. ಅವಳ ಗಂಡ ಹನುಮೇಶ ಟ್ರ್ಯಾಕ್ಟರ್ ಡ್ರೈವರ್. ಸೊಂಟದ ಮೇಲೆ ಎರಡೂವರೆ ವರ್ಷದ ಮಗಳು.

"ಕಾಕಾ, ಇಲ್ಲಿ ಬರ್ರಿ. ನೀರಿಗೆ ಗಟಾರದ ವಾಸನಿ ಹೊಡ್ಯಾಕತ್ತೈತಿ."

"ಮಿರಗ ಬಂದೈತಲ್ಲವಾ, ಹೊಸಾ ಮಳಿ. ಮದ್ಲ ಎರಡು ಕೊಡಾ ಚೆಲ್ಲು, ಆಮ್ಯಾಲ ಹಿಡಿ."

"ಐದು ದಿನಕ್ಕೊಮ್ಮಿ ಬರೂ ನೀರು ಚೆಲ್ಲಂತೀರಲ್ಲ, ನಿಮ್ಮ ಮನ್ಯಾಗ ಚೆಲ್ಲತಾರೇನ್ರಿ?"

ಅಷ್ಟರಲ್ಲಿ ಮಗು ಸೊಂಟದಿಂದ ಜಾರಿಕೊಂಡು ನಳದ ಕೆಳಗೆ ಅಂಗೈ ಒಡ್ಡಿ, ಗುಟುಕು ಗುಟುಕಾಗಿ ಕುಡಿಯತೊಡಗಿತು. ಮುದಕಪ್ಪ ನಕ್ಕ.

"ನೋಡು, ನಿನ್ನ ಮಗಳಿಗೆ ಇಲ್ಲದ ವಾಸನಿ ನಿನಗೆಲ್ಲಿಂದ ಬಂತು?"

ನಾಗರತ್ನಾಳೂ ನಕ್ಕಳು. ಎರಡು ಕೊಡ ಚೆಲ್ಲಲಿಲ್ಲ. ಮುದಕಪ್ಪ ಚಾವಿ ಹೆಗಲಿಗೇರಿಸಿ ಮುಂದಿನ ವಾಲ್ವಿಗೆ ಹೋದ.

ಗುರುವಾರ ಸಂಜೆಗೆ ಗೌಡರ ಓಣಿಯಲ್ಲಿ ಏಳು ಜನರಿಗೆ ವಾಂತಿ-ಭೇದಿ. ಶುಕ್ರವಾರ ಇಪ್ಪತ್ಮೂರು. ಶಾಲೆಯ ಎರಡು ಕೋಣೆಗಳಲ್ಲಿ ಜಮಖಾನ ಹಾಸಿ ಜನರನ್ನು ಮಲಗಿಸಿದರು, ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿದರು. ಶನಿವಾರ ಬೆಳಿಗ್ಗೆ ಹನುಮೇಶನ ಮಗಳು ಹೋಯಿತು. ದವಾಖಾನೆ ಇನ್ನೂ ಎರಡು ಮೈಲಿ ಇತ್ತು. ಟಂಟಂ ಗಾಡಿಯಲ್ಲಿ ತಾಯಿಯ ತೊಡೆಯ ಮೇಲೆ, ಏನೂ ಸದ್ದಿಲ್ಲದೆ. ನಾಗರತ್ನಾ ಮಗು ನಿದ್ದೆ ಹೋಗಿದೆಯೆಂದು ಸೆರಗು ಹೊದಿಸಿಕೊಂಡೇ ಕೂತಿದ್ದಳಂತೆ.

ಭಾನುವಾರ ಪಂಚಾಯ್ತಿ ಕಟ್ಟೆಯ ಮುಂದೆ ಊರು ಸೇರಿತು. ಗೊಬ್ಬರದ ಅಂಗಡಿಯ ಸಂಗನಬಸವನ ಹೆಂಡತಿ ಶಾಲೆಯ ಕೋಣೆಯಲ್ಲಿ ಮಲಗಿದ್ದಳು. ಅವನೇ ಮೊದಲು ಬಾಯಿ ತೆರೆದ.

"ನಮ್ಮ ಓಣ್ಯಾಗ ಮನಿಗೊಬ್ರು ಹಾಸಿಗಿ ಹಿಡದಾರ. ಕೆಳಗೇರ್ಯಾಗ ಒಬ್ಬರಿಗರ ಏನಾರ ಆಗೈತೇನು? ಅದ ಟಾಕಿ, ಅದ ನೀರು. ಅವರಿಗ್ಯಾಕ ಏನೂ ಆಗಿಲ್ಲ?"

"ಟಾಕಿ ಇರೋದು ಅವರ ಬಾಜೂಕ," ಎಂದು ಇನ್ನೊಬ್ಬ ದನಿಗೂಡಿಸಿದ. "ಯಾರು ಹತ್ತಿ ಏನು ಹಾಕ್ಯಾರೋ, ನಾವು ಕಾವಲು ಕುಂತಿದ್ವೇನು?"

ದಲಿತರ ಕೆಳಗೇರಿಯಿಂದ ಬಂದಿದ್ದವಳು ಮರೆವ್ವ. ಊರಿನ ಹತ್ತಿ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣಾಳುಗಳ ಮುಂದಾಳು, ಯಾರ ಹೊಲದ ಬದುವಿನ ಮೇಲೆ ನಿಂತರೂ ದನಿ ತಗ್ಗಿಸದವಳು.

"ಅಲ್ರಿ ಅಣ್ಣಾರ, ನಾವು ಜಡ್ಡಿಗೆ ಬಿದ್ರ ಹೊಲಸಿರ್ತಾರ ಅಂತೀರಿ. ಬೀಳದಿದ್ರ ಏನೋ ಹಾಕ್ಯಾರ ಅಂತೀರಿ. ನಾವೇನು ಮಾಡಿದ್ರ ನಿಮಗ ಸಮಾಧಾನ, ಒಮ್ಮಿ ಹೇಳಿಬಿಡ್ರಿ. ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಎಳದ್ರಂತ!"

ಅವಳ ಮಾತು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ವಿಚಾರಣೆ ಮುಗಿಯುವವರೆಗೆ ಕೆಳಗೇರಿಯ ನಳ ಬಂದ್ ಮಾಡಬೇಕೆಂದು ಠರಾವಾಯಿತು. ಗೌಡರ ಓಣಿಗೆ ಟ್ಯಾಂಕರ್ ಬರುತ್ತದೆ, ಕೆಳಗೇರಿಯವರು ಹೇಗಾದರೂ ನೋಡಿಕೊಳ್ಳಲಿ. ವಾಲ್ವ್ ಮುಚ್ಚಿದವನು ಮುದಕಪ್ಪ. ಅವನು ಚಾವಿ ತಿರುಗಿಸುವಾಗ ಮರೆವ್ವ ಪಕ್ಕದಲ್ಲೇ ನಿಂತಿದ್ದಳು.

"ತಿರುವ್ರಿ ಕಾಕಾ, ತಿರುವ್ರಿ," ಅಂದಳು. "ಹಳ್ಳದಾಗ ಮಳಿನೀರು ಬಂದಾವ. ಅದನ್ನ ಕುಡೀತೀವಿ."

ಅದೇ ಮಧ್ಯಾಹ್ನ ತಾಲೂಕಿನಿಂದ ನೀರು ಪರೀಕ್ಷೆಯ ಮಂಜುಳಾ ಬಂದಳು. ಕಲಘಟಗಿ ಕಡೆಯ ತಂಬೂರು ಎಂಬ ಊರಿನವಳು, ಮೂವತ್ತರ ಆಸುಪಾಸು, ಮಾತು ಕಡಿಮೆ. ಅವಳ ಚೀಲದ ತುಂಬ ಹೆಬ್ಬೆರಳಿನಷ್ಟು ಬಾಟಲಿಗಳಿದ್ದವು. ನೀರು ತುಂಬಿ ಒಂದು ದಿನ ಇಟ್ಟರೆ, ಅದರಲ್ಲಿ ಮಲದ ಹೊಲಸಿದ್ದರೆ ಬಾಟಲಿ ಕಪ್ಪಾಗುತ್ತದೆ, ಇಲ್ಲದಿದ್ದರೆ ಇದ್ದಂತೇ ಇರುತ್ತದೆ. ಅವಳು ಗೌಡರ ಓಣಿಯ ಹದಿನೆಂಟು ಮನೆಗಳಲ್ಲಿ ಮಂಗಳವಾರ ಹಿಡಿದಿಟ್ಟ ನೀರು ತುಂಬಿಕೊಂಡಳು. ಕೆಳಗೇರಿಯ ಒಂಬತ್ತು ಮನೆಗಳಿಗೂ ಹೋದಳು. ಟಾಕಿಯ ನೀರನ್ನೂ ತೆಗೆದುಕೊಂಡಳು. ಚೀಟಿ ಅಂಟಿಸಿ ಪಂಚಾಯ್ತಿಯ ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಸೋಮವಾರ ಮಧ್ಯಾಹ್ನಕ್ಕೆ ಗೌಡರ ಓಣಿಯ ಹದಿನೆಂಟೂ ಬಾಟಲಿ ಕಾಡಿಗೆಯಂತೆ ಕಪ್ಪಾಗಿದ್ದವು. ಕೆಳಗೇರಿಯ ಒಂಬತ್ತೂ ಸ್ವಚ್ಛ. ಟಾಕಿಯದೂ ಸ್ವಚ್ಛ.

ಮಂಜುಳಾ ನಕಾಶೆ ಹರಡಿ ಬೆರಳಿಟ್ಟಳು. "ಟಾಕಿಯಿಂದ ಒಂದ ಲೈನು. ಮೊದಲು ಕೆಳಗೇರಿ, ಅದನ್ನ ದಾಟಿ ಗೌಡರ ಓಣಿ. ಕೆಳಗೇರಿ ಕಡೀ ಮನಿತನಕ ನೀರು ಚೊಲೋ ಐತಿ. ಆ ಮನಿಗೂ ಗೌಡರ ಓಣಿಗೂ ನಡುವ ಇರೋದು ನಲವತ್ತು ಫೂಟು. ಹೊಲಸು ಸೇರೋದು ಅಲ್ಲೇ. ಅಗೀಲಿಕ್ಕೆ ಹೇಳ್ರಿ ಕಾಕಾ."

ಮುದಕಪ್ಪ ಹೇಳಿದ. ನಾಲ್ಕು ಜನ ಆಳುಗಳು ಮಳೆಗೆ ಮೆತ್ತಗಾದ ಎರೆಮಣ್ಣನ್ನು ಎರಡು ತಾಸು ಅಗೆದರು. ಪೈಪು ಸಿಕ್ಕಿತು. ಎಲ್ಲೂ ಒಡೆದಿರಲಿಲ್ಲ. ಮಂಜುಳಾ ಅದನ್ನು ಕೊಯ್ಯಿಸಿ ಒಳಗೆ ಬೆರಳು ಹಾಕಿದಳು. ಬೆರಳಿಗೆ ಒಣ ಧೂಳು ಹತ್ತಿತು, ಜೊತೆಗೆ ಇರುವೆ ಕಟ್ಟಿದ ಮಣ್ಣು.

"ಕಾಕಾ, ಇದರಾಗ ನೀರು ಹರಿದು ವರ್ಷಗಟ್ಟಲೆ ಆಗೈತಿ." ಅವಳು ಎದ್ದು ನಿಂತಳು. "ಹಂಗಾರ ಗೌಡರ ಓಣಿಗೆ ನೀರು ಬರೋದು ಎಲ್ಲಿಂದ?"

"ಏರ್ ಹಿಡಿದಿರಬೇಕ್ರಿ ಮೇಡಂ," ಅಂದ ಮುದಕಪ್ಪ. ಎಂಥ ದಡ್ಡ ಉತ್ತರ ಅದು! ನೀರಿನ ಕೆಲಸ ಅರಿಯದ ಮಗುವೂ ಹಾಗೆ ಹೇಳುತ್ತಿರಲಿಲ್ಲ. ಮಂಜುಳಾ ಅವನ ಮುಖ ನೋಡಿದಳು, ಅವನು ತಗ್ಗು ನೋಡಿದ. ನೆಲದೊಳಗಿನ ಪೈಪು ಹುಡುಕುವ ಮಷೀನು ಧಾರವಾಡದಿಂದ ತರಿಸುತ್ತೇನೆ, ಬರಲು ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಯಾರೂ ನಳದ ನೀರು ಮುಟ್ಟಬಾರದು ಎಂದು ಹೇಳಿ ಅವಳು ಶಾಲೆಯ ಕಡೆ ನಡೆದಳು.

ಮುದಕಪ್ಪನಿಗೆ ಮಷೀನು ಬೇಕಿರಲಿಲ್ಲ. ನೀರು ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಏಳು ವರ್ಷದ ಹಿಂದೆ ಹೊಸ ಟಾಕಿ ಕಟ್ಟಿದಾಗ, ಸರ್ಕಾರದ ಜಾಗ ಸಿಕ್ಕಿದ್ದು ಕೆಳಗೇರಿಯ ದಿಬ್ಬದ ಮೇಲೆ. ಪೈಪು ಕೆಳಗೇರಿಯೊಳಗೆ ಹಾದು ಗೌಡರ ಓಣಿಗೆ ಬಂತು. ಊರಿನ ದೊಡ್ಡ ಹೊಲದವರು ಈರಬಸಪ್ಪಗೌಡರು, ಅವರ ತಾಯಿ ಕಸ್ತೂರೆವ್ವ. ಮುದಕಪ್ಪನ ತಾಯಿ ಅವರ ಕುರಿ ಕಾಯುತ್ತಿದ್ದ ಕಾಲದಲ್ಲಿ, ಆ ಮುದುಕಿ ದಿನಾ ಬಿಸಿರೊಟ್ಟಿಗೆ ಬೆಣ್ಣೆ ಸವರಿ ಅವನ ಕೈಗಿಟ್ಟವಳು. ಒಬ್ಬರಿಗೂ ಕೆಟ್ಟ ಮಾತು ಆಡಿದವಳಲ್ಲ. ಆಗಲೂ ಯಾರನ್ನೂ ಬೈಯಲಿಲ್ಲ. "ಆ ಕೇರ್ಯಾಗ ಹಾದು ಬಂದ ನೀರು ನನ್ನ ಪೂಜಿಗೆ ಬ್ಯಾಡಪ್ಪಾ" ಎಂದಷ್ಟೇ ಹೇಳಿ ಊಟ ಬಿಟ್ಟು ಕೂತಳು. ಎರಡು ದಿನ ಎಳನೀರಿನ ಮೇಲೆ ಇದ್ದಳು. ಮೂರನೆಯ ದಿನ ಈರಬಸಪ್ಪಗೌಡರು ಮುದಕಪ್ಪನನ್ನು ಕರೆಸಿದರು.

ಕೆಳಗೇರಿ ಮುಟ್ಟದೆ ಟಾಕಿಯಿಂದ ಗೌಡರ ಓಣಿಗೆ ಬರಲು ಇದ್ದದ್ದು ಒಂದೇ ದಾರಿ, ಕೆಳಗೇರಿಯ ಹಿತ್ತಲಿನ ಗಟಾರ. ಕೇರಿಯ ಜನ ಹತ್ತಿ ಬಿಡಿಸಲು ಹೋಗಿದ್ದ ದಿನಗಳಲ್ಲಿ ಗಟಾರದ ತಳ ಅಗೆದು, ಮುದಕಪ್ಪ ಇನ್ನೂರು ಫೂಟು ಪೈಪು ಹೂಳಿದ. ಕೇಳಿದವರಿಗೆ ಗಟಾರ ರಿಪೇರಿ ಅಂದ. ತಮ್ಮ ಗಟಾರವನ್ನು ಪಂಚಾಯ್ತಿ ಕಣ್ಣೆತ್ತಿ ನೋಡಿತಲ್ಲ ಎಂದು ಕೇರಿಯವರು ಖುಷಿಪಟ್ಟರು. ತಿರುವಿನಲ್ಲಿ ಕೂಡಿಸುವ ಸಾಮಾನು ಹುಬ್ಬಳ್ಳಿಯಿಂದ ಬಂದಿರಲಿಲ್ಲ. ಪೈಪಿನ ಬಾಯಿ ಕಾಯಿಸಿ ಒಂದರೊಳಗೊಂದು ತುರುಕಿ, ಸೈಕಲ್ ಟ್ಯೂಬು ಬಿಗಿದು, ಮೇಲೆ ಎಂ-ಸೀಲ್ ಮೆತ್ತಿದ. ನಾಳೆ ಸಾಮಾನು ಬಂದ ಮೇಲೆ ಸರಿ ಮಾಡಿದರಾಯಿತು ಅಂದುಕೊಂಡ. ಆ ನಾಳೆಗೆ ಏಳು ವರ್ಷವಾಯಿತು. ಮರೆವ್ವನ ಮನೆ ಮುಂದೆ ಗೌಡರ ಓಣಿಗೆ ನೀರು ಬಿಡುವ ಮೊದಲಿನ ವಾಲ್ವ್ ಮುಚ್ಚಿ ಮೇಲೆ ಮಣ್ಣೆಳೆದ. ಹೊಸ ಲೈನಿನ ವಾಲ್ವನ್ನು ಟಾಕಿಯ ಬುಡದಲ್ಲಿ ಚಪ್ಪಡಿಯ ಕೆಳಗೆ ಮುಚ್ಚಿಟ್ಟ. ಗೌಡರ ಓಣಿಯವರಿಗೆ ತಮ್ಮದು ಬೇರೆ ಲೈನು ಎಂಬ ಗುಮಾನಿ ಇತ್ತು. ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಗೌಡರೂ ಮುದಕಪ್ಪನೂ ಮಾತ್ರ ಅದನ್ನು 'ಅವ್ವನ ಲೈನು' ಎನ್ನುತ್ತಿದ್ದರು.

ಸೋಮವಾರ ಸಂಜೆ ಅವನು ಗೌಡರ ಪಡಸಾಲೆಗೆ ಹೋದ.

"ಗೌಡ್ರ, ಅವ್ವನ ಲೈನು ತಿರುವಿನ್ಯಾಗ ಬಿಟ್ಟೈತಿ ಅನಸ್ತೈತ್ರಿ. ಬ್ಯಾಸಿಗ್ಯಾಗ ಎರಿಮಣ್ಣು ಬಿರದು ಪೈಪು ಜಗ್ಗೈತಿ. ಈಗ ಗಟಾರ ತುಂಬಿ ಹರ್ಯಾಕತ್ತೈತಿ. ನಾವು ನೀರು ಬಂದ್ ಮಾಡಿದಾಗ ಖಾಲಿ ಪೈಪು ಗಟಾರದ್ದನ್ನ ಒಳಗ ಎಳಕೊಳ್ತೈತಿ. ಮೇಡಂಗ ಹೇಳಿಬಿಡೂಣ್ರಿ."

ಈರಬಸಪ್ಪಗೌಡರು ಎದ್ದು ಹೊರಬಾಗಿಲು ಮುಂದೆ ಮಾಡಿದರು. ಅರವತ್ತು ದಾಟಿದ, ಕಷ್ಟಕ್ಕೆ ಆಗುವ ಮನುಷ್ಯ ಅಂತಲೇ ಊರಲ್ಲಿ ಹೆಸರು. ಶುಕ್ರವಾರದಿಂದ ಅವರ ಮನೆಯ ಅಕ್ಕಿ-ಬೇಳೆಯಲ್ಲೇ ಶಾಲೆಯ ರೋಗಿಗಳಿಗೆ ಗಂಜಿ ಆಗುತ್ತಿತ್ತು.

"ಹನುಮೇಶನ ಕೂಸು ಹೋಗೈತಿ," ಅಂದರು. "ಅದು ಮದ್ಲ ನಿನ್ನ ಕೊಳ್ಳಿಗೆ ಬರ್ತೈತಿ, ಆಮ್ಯಾಲ ನನ್ನ ಕೊಳ್ಳಿಗೆ. ನಿನ್ನ ನೌಕರಿ ಕಾಯಂ ಆಗಾಕ ಇನ್ನ ಆರು ತಿಂಗಳೈತಿ. ತಡಿ. ಅವ್ವ ಎದ್ದು ಕುಂದರ್ಲಿ. ಬ್ಯಾರೆ ಪೈಪು ನಾನ ಹಾಕಸ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

"ಕೆಳಗೇರ್ಯಾವ್ರು ಹಳ್ಳದ ನೀರು ಕುಡ್ಯಾಕತ್ತಾರ್ರೀ..."

"ನಾಲ್ಕು ದಿನಾ. ನಾಲ್ಕು ದಿನದಾಗ ಏನಾಕ್ಕೈತಿ?"

ಒಳಗಿನಿಂದ ಸೊಸೆ ಮಹಾನಂದಾ ಬಂದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಕಸ್ತೂರೆವ್ವನಿಗೂ ಭೇದಿಯಾಗಿ ಈಗ ಸ್ವಲ್ಪ ಇಳಿದಿತ್ತು, ಆದರೆ ಮುದುಕಿ ಹಠ ಹಿಡಿದಿದ್ದಳು.

"ಮಾವಾರ, ಟ್ಯಾಂಕರ್ ನೀರು ಬಾಯಾಗ ಹಾಕಿದ್ರ ಉಗುಳಿಬಿಡ್ತಾರ್ರಿ. ಯಾರು ತುಂಬ್ಯಾರೋ, ಯಾರು ಮುಟ್ಯಾರೋ, ನನ್ನ ನಳದ ನೀರು ಕೊಡ್ರಿ ಅಂತಾರ. ಮನ್ಯಾಗ ಹಿಡಿದಿಟ್ಟಿದ್ದು ಮುಗದೈತಿ. ನಿನ್ನಿಯಿಂದ ಹನಿ ನೀರು ಇಳದಿಲ್ಲ. ಹಿಂಗಾದ್ರ ಉಳ್ಯಾಂಗಿಲ್ರಿ."

ಈರಬಸಪ್ಪಗೌಡರು ಮುದಕಪ್ಪನ ಕಡೆ ತಿರುಗಿದರು. ಆಮೇಲೆ ಅವನು ಎಂದೂ ಕಾಣದ್ದನ್ನು ಕಂಡ. ಗೌಡರು ಅವನಿಗೆ ಕೈಮುಗಿದರು.

"ಹತ್ತ ನಿಮಿಷ ಬಿಡು ಮುದಕಪ್ಪಾ. ಕುದಿಸಿ ಕೊಡ್ತೀವಿ. ಕುದಿಸಿದ್ರ ಏನೂ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ನಿನಗ ರೊಟ್ಟಿ ಕೊಟ್ಟಾಕಿ ನಮ್ಮವ್ವ."

ಮುದಕಪ್ಪ ಟಾಕಿಗೆ ಹೋದ. ಚಪ್ಪಡಿ ಸರಿಸಿದ. ಹತ್ತು ನಿಮಿಷ, ಓಣಿಯ ಮೊದಲ ಮನೆಯಾದ ಗೌಡರ ಮನೆಗಷ್ಟೇ ಮುಟ್ಟುವಷ್ಟು, ಅವ್ವನ ಲೈನಿಗೆ ನೀರು ಬಿಟ್ಟ. ಗೊತ್ತಿದ್ದೂ ಬಿಟ್ಟ.

ಅವತ್ತು ರಾತ್ರಿ ಅವನು ತುತ್ತು ನುಂಗದೆ ತಾಟಿನ ಮುಂದೆ ಕೂತಿದ್ದನ್ನು ನೋಡಿ ಹೆಂಡತಿ ಮೈಲಾರವ್ವ ಗದರಿದಳು. "ಬಂದಾಗಿಂದ ನೋಡಾಕತ್ತೀನಿ. ಬಾಯಾಗಿಂದು ನುಂಗ್ರಿ, ಇಲ್ಲಾ ಉಗುಳ್ರಿ. ಹಿಂಗ ಇಟ್ಕೊಂಡು ಕುಂತ್ರ ಒಳಗ ಕೊಳೀತೈತಿ." ಅವನು ಕೈ ತೊಳೆದು ಎದ್ದ.

ಮಹಾನಂದಾ ಮಾತಿಗೆ ತಪ್ಪಲಿಲ್ಲ. ಕುಡಿಯುವ ನೀರನ್ನೆಲ್ಲ ಮರಳಿಸಿ ಮರಳಿಸಿ ಕುದಿಸಿದಳು. ಕಸ್ತೂರೆವ್ವ ನಾಲ್ಕು ಲೋಟ ಕುಡಿದು, ಮಂಗಳವಾರ ದಿಂಬಿಗೆ ಒರಗಿ ಎದ್ದು ಕೂತಳು. ಮನೆಯವರಿಗೆಲ್ಲ ಜೀವ ಬಂದಂತಾಯಿತು. ಎದ್ದು ಕೂತವಳು ಮೊದಲು ಕೇಳಿದ್ದು ಪೂಜೆಯ ತಂಬಿಗೆ. ನಳದಿಂದ ನೇರವಾಗಿ ಹಿಡಿದಿಟ್ಟ ಮಡಿನೀರಿನಲ್ಲಿ ಪೂಜೆ ಮಾಡಿ, ಮೂರು ಸಲ ತೀರ್ಥ ತೆಗೆದುಕೊಂಡಳು. ಬುಧವಾರವೂ ತೆಗೆದುಕೊಂಡಳು. ಪೂಜೆಯ ನೀರನ್ನು ಯಾವ ಮನೆಯಲ್ಲೂ ಯಾರೂ ಕುದಿಸುವುದಿಲ್ಲ. ಬುಧವಾರ ಮಧ್ಯಾಹ್ನ ಮತ್ತೆ ಶುರುವಾಯಿತು. ಗುರುವಾರ ಬೆಳಕು ಹರಿಯುವ ಹೊತ್ತಿಗೆ ಮುಗಿಯಿತು.

ಮುದಕಪ್ಪ ಗೌಡರ ಬಾಗಿಲಲ್ಲಿ ಜನರ ನಡುವೆ ನಿಂತಿದ್ದ. ಒಳಗೆ ಮಹಾನಂದಾ ಹೆಂಗಸರ ಮುಂದೆ ಎದೆ ಬಡಿದುಕೊಳ್ಳುತ್ತಿದ್ದಳು. "ಕುಡಿಯೂ ನೀರು ಕುದಿಸಿದ್ನೆವಾ! ಹನಿಹನಿ ಕುದಿಸಿದ್ನಿ! ಪೂಜಿ ನೀರಿನ ವಿಚಾರ ಯಾರಿಗೆ ಬರ್ತೈತೆವಾ, ಯಾರಿಗೆ ಬರ್ತೈತಿ?"

ಹನುಮೇಶನ ಕೂಸು ಸತ್ತದ್ದು ತನ್ನ ತಪ್ಪಿನಿಂದ ಅಂತ ಮುದಕಪ್ಪನಿಗೆ ಸೋಮವಾರವೇ ತಿಳಿದಿತ್ತು. ತಪ್ಪು ಅಂದಾದರೂ ಅನ್ನಬಹುದಿತ್ತು. ಇದಕ್ಕೆ ಯಾವ ಹೆಸರು? ರೊಟ್ಟಿ ಕೊಟ್ಟ ಕೈಗೆ ಅವನೇ ನೀರು ಬಿಟ್ಟಿದ್ದ. ಅವನಿಗೆ ಅಳು ಬರಲಿಲ್ಲ, ತನ್ನ ಮೇಲೇ ಹೇಸಿಗೆ ಬಂತು.

ಮಧ್ಯಾಹ್ನ ಮಣ್ಣು ಮಾಡಿ ಬರುವ ದಾರಿಯಲ್ಲಿ, ಶಾಲೆಯ ಕಡೆಗೆ ಓಡುತ್ತಿದ್ದ ಮರೆವ್ವ ಎದುರಾದಳು. ಹೆಗಲ ಮೇಲೆ ಮೊಮ್ಮಗಳು, ಕುತ್ತಿಗೆ ಜೋತುಬಿದ್ದಿತ್ತು. ಅವಳು ಇವನನ್ನು ನೋಡಿ ನಿಲ್ಲಲಿಲ್ಲ.

"ಹಳ್ಳದ ನೀರು ಕಾಕಾ!" ಎಂದು ಓಡುತ್ತಲೇ ಕೂಗಿದಳು. "ಈಗ ನಮಗೂ ಬಂತು. ನಿಮ್ಮ ಓಣ್ಯಾವ್ರಿಗೆ ಹೇಳ್ರಿ, ಈಗರ ಸಮಾಧಾನ ಆತೇನು ಕೇಳ್ರಿ!"

ಮುದಕಪ್ಪ ಮನೆಗೆ ಹೋಗಲಿಲ್ಲ. ಪಂಚಾಯ್ತಿಯ ಗುದ್ದಲಿ, ಸಲಿಕೆ ತೆಗೆದುಕೊಂಡು ನೆಟ್ಟಗೆ ಕೆಳಗೇರಿಯ ಹಿತ್ತಲಿಗೆ ಬಂದ. ಧೋತರ ಮೇಲೆ ಕಟ್ಟಿ, ಮೊಣಕಾಲುದ್ದದ ಗಟಾರದೊಳಗೆ ಇಳಿದ. ಹರಿವಿಗೆ ಅಡ್ಡ ಮಣ್ಣು ಹಾಕಿ ತಡೆದು, ತಳದ ಕಲ್ಲು ಕಿತ್ತು ಅಗೆಯತೊಡಗಿದ. ಮೊದಲು ಕೇರಿಯ ಹೆಂಗಸರು ಬಂದು ನಿಂತರು. ಯಾರೋ ಓಡಿಹೋಗಿ ಮಂಜುಳಾಗೆ ಹೇಳಿದರು. ಮಣ್ಣಿಗೆ ಹೋಗಿ ಮಿಂದು ಬಂದಿದ್ದ ಗೌಡರ ಓಣಿಯವರೂ ಒಬ್ಬೊಬ್ಬರಾಗಿ ಬಂದು ದೂರ ನಿಂತರು. ಮುದಕಪ್ಪ ಯಾರನ್ನೂ ನೋಡಲಿಲ್ಲ.

ತಿರುವಿನಲ್ಲಿ ಪೈಪು ಸಿಕ್ಕಿತು. ಸೈಕಲ್ ಟ್ಯೂಬು ಕೊಳೆತು ಹರಿದು ಪಟ್ಟಿಯಾಗಿತ್ತು. ಎಂ-ಸೀಲ್ ಎರಡು ಹೋಳಾಗಿತ್ತು. ಎರಡು ಬೆರಳು ತೂರುವಷ್ಟು ಸಂದಿಯೊಳಗೆ ಗಟಾರದ ಕಪ್ಪು ರಾಡಿ ಗುಳುಗುಳು ಎಂದು ಇಳಿಯುತ್ತಿತ್ತು. ಸುತ್ತ ನಿಂತವರಲ್ಲಿ ಒಬ್ಬಳು ಅಲ್ಲಿಯೇ ವಾಂತಿ ಮಾಡಿಕೊಂಡಳು.

"ಇದು ನಕಾಶ್ಯಾಗ ಇಲ್ಲ," ಅಂದಳು ಮಂಜುಳಾ. "ಯಾವ ಲೈನು ಕಾಕಾ ಇದು?"

"ಗೌಡರ ಓಣಿದು. ನಾನ ಹಾಕೀನಿ. ಈ ಟ್ಯೂಬೂ ನಾನ ಕಟ್ಟೀನಿ."

ಮೊಮ್ಮಗಳಿಗೆ ಸಲೈನ್ ಹಚ್ಚಿಸಿ ಬಂದಿದ್ದ ಮರೆವ್ವ ಗಟಾರದ ದಂಡೆಗೆ ಬಂದಳು. ಬಗ್ಗಿ ನೋಡಿದಳು. ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಗಟಾರ ರಿಪೇರಿ ಅಂದಿದ್ರಿ," ಅಂದಳು. "ಚೊಲೋ ಕೆಲಸ ಮಾಡಾಕತ್ತೀರಿ ಅಂತ ನಾ ನಿಮಗ ಚಹಾ ತಂದು ಕೊಟ್ಟಿದ್ನೆಲ್ರಿ ಕಾಕಾ. ನಮ್ಮ ಓಣಿ ನೆಲಾ ಮುಟ್ಟಿದ ನೀರು ಬ್ಯಾಡಾಗಿ, ನಮ್ಮ ಹೇಲಾಗ ಪೈಪು ಹಾಯ್ಸಿದ್ರಿ?"

ಸಂಗನಬಸವ ತಲೆ ತಗ್ಗಿಸಿ ಚಪ್ಪಲಿಯ ಮಣ್ಣು ತೆಗೆಯುತ್ತ ನಿಂತ.

"ಹಾಕಾಕ ಹೇಳಿದವರು ಯಾರು?" ಮಂಜುಳಾ ಕೇಳಿದಳು.

ಮುದಕಪ್ಪ ಬಗ್ಗಿ ಹರಿದ ಟ್ಯೂಬನ್ನು ಬಿಚ್ಚತೊಡಗಿದ. ತನ್ನ ಪಾಲಿನದು ಹೇಳಿ ಮುಗಿದಿತ್ತು. ಗುಂಪಿನ ಹಿಂದೆ ಒದ್ದೆ ತಲೆಯ ಈರಬಸಪ್ಪಗೌಡರು ಮನೆಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟಿದ್ದರು. ಪಕ್ಕದಲ್ಲಿದ್ದ ಮಹಾನಂದಾಗೆ ಸೋಮವಾರದ ಸಂಜೆ ನೆನಪಾಯಿತು. ಆ ಹತ್ತು ನಿಮಿಷದ ಮಾತು ಏನೆಂದು ಅವಳಿಗೆ ಆಗ ಅರ್ಥವಾಗಿರಲಿಲ್ಲ, ಈಗ ಆಯಿತು.

"ಮಾವಾರ," ಅಂದಳು. ಅಷ್ಟೇ.

ಗೌಡರು ನಿಂತರು. ಜನ ಸರಿದು ದಾರಿ ಬಿಟ್ಟರು. ಅವರು ಗಟಾರದ ದಂಡೆಗೆ ಬಂದು ಆ ಸಂದಿಯನ್ನು ನೋಡಿದರು.

"ನಾ ಹೇಳಿದ್ದೆ. ಬರಕೋರಿ ಮೇಡಂ. ಸೋಮವಾರ ಇವ ಬಂದು ಹೇಳಿದ್ದ. ಬಾಯಿ ಮುಚ್ಚಿಸಿದವ್ನೂ ನಾನ."

ಆ ಸಂಜೆಯೇ ಕೆಳಗೇರಿಯ ನಳ ತೆರೆದರು. ಮರುದಿನ ಶುಕ್ರವಾರ ಅವ್ವನ ಲೈನನ್ನು ಎರಡೂ ತುದಿಗೆ ಕತ್ತರಿಸಿ ಬಾಯಿ ಮುಚ್ಚಿದರು. ನಲವತ್ತು ಫೂಟಿನ ಹಳೆಯ ಪೈಪನ್ನು ಸರಿಮಾಡಿ ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದರು. ಇನ್ನು ಗೌಡರ ಓಣಿಗೆ ನೀರು ಹೋಗಬೇಕಾದರೆ, ಮರೆವ್ವನ ಮನೆ ಮುಂದೆ ಏಳು ವರ್ಷದಿಂದ ಮಣ್ಣಾಗಿದ್ದ ವಾಲ್ವ್ ತೆರೆಯಬೇಕು. ಮುದಕಪ್ಪನನ್ನು ಕೆಲಸದಿಂದ ತೆಗೆದ ಕಾಗದ ಮುಂಜಾನೆಯೇ ಬಂದಿತ್ತು. ಸೋಮವಾರ ಠಾಣೆಗೆ ಬರಬೇಕೆಂದು ಪೊಲೀಸರು ಅವನಿಗೂ ಗೌಡರಿಗೂ ಹೇಳಿಹೋಗಿದ್ದರು. ಇದೊಂದು ವಾಲ್ವ್ ತೆರೆದು ಚಾವಿ ಒಪ್ಪಿಸುತ್ತೇನೆ ಎಂದು ಅವನು ಮಂಜುಳಾಳನ್ನು ಕೇಳಿಕೊಂಡ.

ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮುದಕಪ್ಪ ಎರಡೂ ಕೈ ಹಾಕಿ, ಎದೆ ಆನಿಸಿ ಒತ್ತಿದ. ಜಗ್ಗಲಿಲ್ಲ. ಮತ್ತೆ ಒತ್ತಿದ, ಕೆಮ್ಮು ಬಂತು. ಗೌಡರ ಓಣಿಯಿಂದ ನೋಡಲು ಬಂದವರು ಐದಾರು ಜನ ಇದ್ದರು, ಒಬ್ಬರೂ ಮುಂದೆ ಬರಲಿಲ್ಲ. ಆಗ ಈರಬಸಪ್ಪಗೌಡರು ಬಂದರು. ಚಪ್ಪಲಿ ಅಲ್ಲಿಯೇ ಬಿಟ್ಟು, ಹಿಡಿಕೆಯ ಇನ್ನೊಂದು ತುದಿಗೆ ಕೈ ಹಾಕಿದರು. ಇಬ್ಬರು ವಯಸ್ಸಾದ ಗಂಡಸರು ಮುಖ ಕೆಂಪಗೆ ಮಾಡಿಕೊಂಡು ಗಾಣದೆತ್ತುಗಳ ಹಾಗೆ ಅದನ್ನು ನೂಕಿದರು.

ಮರೆವ್ವ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ಮೊಮ್ಮಗಳು ಉಳಿದಿತ್ತು, ತೊಡೆಯ ಮೇಲೆ ಮಲಗಿತ್ತು. ಅವಳು ಎದ್ದು ಬಂದು ಕೈ ಹಚ್ಚಲಿಲ್ಲ, ಯಾಕೆ ಹಚ್ಚಬೇಕು?

"ಮುಚ್ಚಾಕ ಒಬ್ಬರ ಕೈ ಸಾಕಾಗಿತ್ತು," ಅಂದಳು. "ತಗ್ಯಾಕ ಎಷ್ಟು ಕೈ ಬೇಕು ನೋಡ್ರಿ ಈಗ."

ವಾಲ್ವ್ ಕಿರ್ರೆಂದು ಅಲುಗಿತು, ಅರ್ಧ ಸುತ್ತು ತಿರುಗಿತು. ನೆಲದ ಕೆಳಗೆ ನೀರು ನುಗ್ಗುವ ಸದ್ದು ಕೇಳಿಸಿತು. ಮುದಕಪ್ಪ ಚಾವಿ ಎಳೆದು, ಒರೆಸಿ, ಮಂಜುಳಾಳ ಕೈಗೆ ಕೊಟ್ಟ.

"ಗೌಡರ ಓಣಿ ಕಡೀ ಮನಿ ಮುಟ್ಟಾಕ ಅರ್ಧ ತಾಸು ಬೇಕ್ರಿ," ಅಂದ. "ನಾ ಅಷ್ಟರಾಗ ಅಲ್ಲಿಗೆ ಹೋಗ್ತೀನಿ."

ಅವನು ನಡೆದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೆಗಲು ಬರಿದಾಗಿತ್ತು. ಎಲ್ಲರ ಮುಂದೆ ಹೇಳಿದ್ದು ಸುಲಭವಿತ್ತು, ಹೇಳಬೇಕಾದ ಮನೆ ಇನ್ನೂ ಒಂದು ಉಳಿದಿತ್ತು. ಮಗುವಿನ ಮಣ್ಣು ಮುಗಿಸಿ ಗಂಡ ಹೆಂಡತಿ ನಾಗರತ್ನಾಳ ತವರೂರು ಗುಡಗೇರಿಗೆ ಹೋಗಿದ್ದವರು ಆ ಬೆಳಿಗ್ಗೆಯಷ್ಟೇ ಬಂದಿದ್ದರು. ಪೈಪಿನ ಸುದ್ದಿ ಅವರ ಬಾಗಿಲು ತಟ್ಟಿತ್ತೋ ಇಲ್ಲವೋ ಅವನಿಗೆ ತಿಳಿಯದು.

ತಟ್ಟಿರಲಿಲ್ಲ. ನಾಗರತ್ನಾ ಅವನನ್ನು ಕಂಡು ಚಾಪೆ ಹಾಸಿದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು. ಎಂಥ ದುಃಖದ ಮನೆಯಲ್ಲೂ ಅದು ತಪ್ಪುವುದಿಲ್ಲ. ಅವಳು ತಂಬಿಗೆ ತಂದು ಅವನ ಮುಂದಿಟ್ಟಳು.

"ಕುಡೀರಿ ಕಾಕಾ," ಅಂದಳು. "ಕುದಿಸಿದ್ದೈತ್ರಿ. ಈಗ ಎಲ್ಲಾ ಕುದಸ್ತೀನಿ."

ಮುದಕಪ್ಪ ತಂಬಿಗೆ ಮುಟ್ಟಲಿಲ್ಲ. ಹನುಮೇಶ ಗೋಡೆಗೆ ಒರಗಿ ಕೂತಿದ್ದ. ಮುದಕಪ್ಪ ಹೇಳಿದ. ಗಟಾರದ ಪೈಪು, ಸೈಕಲ್ ಟ್ಯೂಬು, ಏಳು ವರ್ಷ, ಎಲ್ಲ ಹೇಳಿದ. ಮಂಗಳವಾರ ನಳದ ಮುಂದೆ ತಾನು ಆಡಿದ ಹಾಸ್ಯದ ಮಾತನ್ನೂ ಬಿಡದೆ ಹೇಳಿದ.

ಹನುಮೇಶ ಎದ್ದ. ಹೊಡೆಯುತ್ತಾನೆ ಅಂದುಕೊಂಡು ಮುದಕಪ್ಪ ಅಲ್ಲಾಡದೆ ಕೂತ. ಹನುಮೇಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಅವನು ಅಳುವುದು ಕೇಳಿಸಿತು.

ನಾಗರತ್ನಾ ಅಳಲಿಲ್ಲ. "ನಿಮಗ ಯಾವಾಗ ಗೊತ್ತಾತ್ರಿ?"

"ಸೋಮವಾರ."

"ಗೌಡ್ರ ಮನಿ ಅಜ್ಜಿ ಹೋಗೂತನಕ ಸುಮ್ಮನಿದ್ರಿ?"

"ಸುಮ್ಮನಿದ್ನೆವಾ."

ಅವಳು ತಂಬಿಗೆ ಎತ್ತಿಕೊಂಡಳು. ಒಳಗೆ ಒಯ್ಯಲಿಲ್ಲ, ಅವನಿಗೂ ಕೊಡಲಿಲ್ಲ, ಹಿಡಿದುಕೊಂಡು ಹಾಗೆಯೇ ನಿಂತಳು. ಮುದಕಪ್ಪನಿಗೆ ಹೋಗು ಅಂದವರೂ ಇಲ್ಲ, ಕೂತಿರು ಅಂದವರೂ ಇಲ್ಲ.

ಅಂಗಳದಲ್ಲಿ ನಳ ಕೆಮ್ಮಿತು. ಗಾಳಿ ಬಂತು, ಕೆಂಪು ನೀರು ಚಿಮ್ಮಿತು, ತುಸು ಹೊತ್ತಿಗೆ ತಿಳಿಯಾಯಿತು. ಓಣಿಯ ಬಾಗಿಲುಗಳೆಲ್ಲ ತೆರೆದವು. ಹೆಂಗಸರು ಕೊಡ ಹಿಡಿದು ಹೊರಗೆ ಬಂದರು, ಆದರೆ ಯಾರೂ ನಳದ ಕೆಳಗೆ ಇಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ನಾಗರತ್ನಾ ತಂಬಿಗೆ ಕೆಳಗಿಟ್ಟು ಕೊಡ ತಂದಳು. ಮೊದಲ ನೀರು ಹಿಡಿದಳು, ಚೆಲ್ಲಿದಳು. ಎರಡನೆಯ ಕೊಡವನ್ನೂ ತುಂಬಿ ಚೆಲ್ಲಿದಳು. ಆಮೇಲೆ ಮುದಕಪ್ಪನ ಕಡೆ ತಿರುಗಿದಳು.

"ಇದು ಯಾವ ಲೈನಿನ ನೀರು ಕಾಕಾ?"

"ಕೆಳಗೇರ್ಯಾಗ ಹಾದು ಬಂದದ್ದು," ಅಂದ ಮುದಕಪ್ಪ. "ಮರೆವ್ವನ ಮನಿ ಮುಂದಿಂದ."

ಓಣಿಯ ಹೆಂಗಸರೆಲ್ಲ ಕೇಳಿಸಿಕೊಂಡರು. ನಾಗರತ್ನಾ ಕೊಡವನ್ನು ನಳದ ಕೆಳಗಿಟ್ಟು, ತುಂಬುವವರೆಗೂ ಅಲ್ಲಿಯೇ ನಿಂತಳು.